ಫ್ಲುಟಿಕಾಸೋನ್ ಮೂಗಿನ ಸ್ಪ್ರೇ: ಕೆಲವು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಕೆಲಸ ಮಾಡುವ ಔಷಧ. ಆದರೆ ಇವತ್ತು ಹಾಕಿ ಇವತ್ತೇ ಮೂಗು ಬಿಡಬೇಕು ಅನ್ನುವವರಿಗೆ ಅಲ್ಲ. ಪರಾಗ ಹಾರುವ ಕಾಲ ಬಂತೆಂದರೆ ನನಗೆ ಅಲರ್ಜಿಯಿಂದ ಎದ್ದ ಕೂಡಲೇ ಸಾಲು ಸಾಲು ಸೀನು, ಸುರಿಯುವ ಮೂಗು, ಅಂಗುಳಿನ ತುರಿಕೆ, ರಾತ್ರಿಯಾದರೆ ಬಾಯಲ್ಲೇ ಉಸಿರಾಟ. ಈಗ ಕೆಲವು ವರ್ಷಗಳಿಂದ ಬಳಸುತ್ತಿರುವುದು ಫ್ಲುಟಿಕಾಸೋನ್ ಪ್ರೊಪಿಯೊನೇಟ್ ಅನ್ನುವ ಸ್ಟೀರಾಯ್ಡ್ ಸ್ಪ್ರೇ, ಒಂದು ಸಲ ಒತ್ತಿದರೆ 50 ಮೈಕ್ರೋಗ್ರಾಂ ಬರುವ ಮಾಮೂಲಿ ಬಾಟಲಿ.

ಇದಕ್ಕೆ ಕಡಿಮೆ ಸ್ಟಾರ್ ಕೊಡುವವರಲ್ಲಿ ಹೆಚ್ಚಿನವರು ಎರಡು ದಿನ ಹಾಕಿ ಬಿಟ್ಟವರು ಅಂತ ನನ್ನ ಅನುಮಾನ. ಪರಿಣಾಮ ಅರ್ಧ ದಿನದಲ್ಲಿ ಶುರುವಾದರೂ ಪೂರ್ತಿ ಗೊತ್ತಾಗಲು ಹಲವು ದಿನ ಬೇಕು, ಕೆಲವರಿಗೆ ಎರಡು ವಾರವೇ ಹಿಡಿಯುತ್ತದೆ. ಹಾಗಾಗಿ ನಾನು ಸೀನು ಬರುವವರೆಗೆ ಕಾಯುವುದಿಲ್ಲ, ಸೀಸನ್‌ಗೆ ಒಂದೆರಡು ವಾರ ಮೊದಲೇ ಶುರು ಮಾಡಿ, ಮೂಗು ಚೆನ್ನಾಗಿದ್ದರೂ ದಿನಾ ಹಾಕುತ್ತೇನೆ. ದೊಡ್ಡವರಿಗೆ ಸಾಮಾನ್ಯವಾಗಿ ಒಂದೊಂದು ಹೊಳ್ಳೆಗೆ ಎರಡೆರಡು ಸಲ, ದಿನಕ್ಕೊಮ್ಮೆ. ಹತೋಟಿಗೆ ಬಂದ ಮೇಲೆ ಒಂದೊಂದೇ ಸಾಕು.

ಅಲರ್ಜಿ ಮಾತ್ರೆಗಿಂತ ಇದು ಯಾಕೆ ಮೇಲು? ಪರಾಗ ತಾಗಿದಾಗ ಮೂಗಿನ ಒಳಪೊರೆಯ ಕೆಲವು ಜೀವಕೋಶಗಳು ಹಿಸ್ಟಮಿನ್ ಬಿಡುತ್ತವೆ, ಸೀನು ತುರಿಕೆ ಎಲ್ಲ ಅದರಿಂದ. ಸೆಟಿರಿಜಿನ್, ಲೊರಾಟಡಿನ್ ಥರದ ಮಾತ್ರೆಗಳು ಅದನ್ನು ತಡೆಯುತ್ತವೆ. ಆದರೆ ಕೆಲವು ಗಂಟೆ ಬಿಟ್ಟು ಉರಿಯೂತದ ಎರಡನೇ ಸುತ್ತು ಬರುತ್ತದೆ, ಪೊರೆ ಊದಿಕೊಂಡು ಮೂಗು ಕಟ್ಟುತ್ತದೆ, ಅಲ್ಲಿ ಮಾತ್ರೆಯ ಆಟ ಜಾಸ್ತಿ ನಡೆಯುವುದಿಲ್ಲ. ಸ್ಪ್ರೇ ಆ ಊತವನ್ನೇ ಇಳಿಸುತ್ತದೆ. ನನಗೆ ದೊಡ್ಡ ಲಾಭ ಸಿಕ್ಕಿದ್ದು ನಿದ್ದೆಯಲ್ಲಿ.

ಇನ್ನು ಹಾಕುವ ರೀತಿ. ಇದರಲ್ಲೇ ಅರ್ಧ ಫಲಿತಾಂಶ ಇದೆ. ಮೊದಲು ಸಿಂಬಳ ಹೊರಹಾಕಿ ಮೂಗು ಖಾಲಿ ಮಾಡಿ, ಬಾಟಲಿ ಅಲ್ಲಾಡಿಸಿ, ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಿ. ಬಲಗೈಯಲ್ಲಿ ಹಿಡಿದು ಎಡ ಹೊಳ್ಳೆಗೆ, ಎಡಗೈಯಲ್ಲಿ ಹಿಡಿದು ಬಲ ಹೊಳ್ಳೆಗೆ. ಹೀಗೆ ಅಡ್ಡ ಕೈಯಲ್ಲಿ ಹಿಡಿದರೆ ತುದಿ ತಾನಾಗಿಯೇ ಹೊರಗಡೆಗೆ, ಅದೇ ಬದಿಯ ಕಣ್ಣಿನ ಹೊರಮೂಲೆ ಕಡೆಗೆ ತಿರುಗುತ್ತದೆ. ನಡುವಿನ ಗೋಡೆಗೆ ನೇರ ಹೊಡೆದರೆ ಅದು ಒಣಗಿ ರಕ್ತ ಬರುತ್ತದೆ, ಈ ಸ್ಪ್ರೇಯ ಬಗ್ಗೆ ಜಾಸ್ತಿ ಕೇಳಿಬರುವ ತೊಂದರೆಯೇ ಅದು. ಒತ್ತುವಾಗ ಮೆಲ್ಲಗೆ ಉಸಿರು ಎಳೆದುಕೊಳ್ಳಿ, ಸೊರ್ ಅಂತ ಜೋರಾಗಿ ಎಳೆಯಬೇಡಿ. ಗಂಟಲಲ್ಲಿ ರುಚಿ ಗೊತ್ತಾಯಿತು ಅಂದರೆ ಔಷಧ ಮೂಗು ದಾಟಿ ಹೋಯಿತು ಅಂತಲೇ ಲೆಕ್ಕ.

ಬಾಟಲಿಯ ಬಗ್ಗೆ ದೂರುಗಳಿವೆ. ಒಂದು, ವಾಸನೆ. ಇದರಲ್ಲಿ ಫಿನೈಲ್‌ಈಥೈಲ್ ಆಲ್ಕೋಹಾಲ್ ಇರುವುದರಿಂದ ಹೂವಿನ ಸೆಂಟಿನ ಥರ ಘಾಟು ಬರುತ್ತದೆ. ಹೂವಿನ ಪರಾಗಕ್ಕೆ ಹೆದರಿ ತಂದ ಔಷಧಕ್ಕೆ ಹೂವಿನ ವಾಸನೆ, ಏನು ಹೇಳೋಣ! ಅದು ಆಗದವರು ಫ್ಲುಟಿಕಾಸೋನ್ ಫ್ಯೂರೋಯೇಟ್ ಕೇಳಬಹುದು, ಅದಕ್ಕೆ ವಾಸನೆ ಇಲ್ಲ. ಎರಡು, ತುದಿಯಲ್ಲಿ ಬಿಳಿ ಪುಡಿ ಕಟ್ಟಿಕೊಂಡು ಸಿಂಪಡಿಕೆ ವಾಲುತ್ತದೆ. ತುದಿ ಕಳಚಿ ಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿದರೆ ಸರಿಹೋಗುತ್ತದೆ, ಪಿನ್ ಮಾತ್ರ ಚುಚ್ಚಬೇಡಿ, ತೂತು ಹಾಳಾಗುತ್ತದೆ. ಮೂರನೆಯದು ನಿಜಕ್ಕೂ ಕಿರಿಕಿರಿ: 120 ಸಲದ ಬಾಟಲಿಯಲ್ಲಿ ಅಷ್ಟು ಮುಗಿದ ಮೇಲೂ ತಳದಲ್ಲಿ ಔಷಧ ಕಾಣುತ್ತದೆ, ಆದರೆ ಆಮೇಲೆ ಬರುವ ಪ್ರಮಾಣ ಸರಿ ಇರುವುದಿಲ್ಲ. ನನ್ನ ಬಾಟಲಿಗೆ ಲೆಕ್ಕ ತೋರಿಸುವ ಮೀಟರ್ ಇಲ್ಲ, ಅದಕ್ಕೆ ಶುರು ಮಾಡಿದ ತಾರೀಖನ್ನು ಪೆನ್ನಲ್ಲಿ ಬರೆದಿಡುತ್ತೇನೆ.

ಸ್ಟೀರಾಯ್ಡ್ ಅಂತ ಹೆದರುವವರಿಗೆ: ಮೂಗಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ನುಂಗುವ ಸ್ಟೀರಾಯ್ಡ್ ಮಾತ್ರೆಯ ಜೊತೆ ಇದನ್ನು ಹೋಲಿಸುವುದು ಸರಿಯಲ್ಲ. ಹಾಗಂತ ಪೂರ್ತಿ ನಿರಪಾಯ ಅಂತಲೂ ಅಲ್ಲ. ಗ್ಲಾಕೋಮಾ (ಕಣ್ಣಿನ ನರಕ್ಕೆ ಹಾನಿಯಾಗುವ ಕಾಯಿಲೆ) ಅಥವಾ ಕಣ್ಣಿನ ಪೊರೆ ಇದ್ದವರು, ಮೂಗಿಗೆ ಇತ್ತೀಚೆಗೆ ಆಪರೇಷನ್ ಆದವರು, ಎಚ್‌ಐವಿಗೆ ಕೊಡುವ ರಿಟೊನಾವಿರ್ ಔಷಧ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮಕ್ಕಳ ಬೆಳವಣಿಗೆ ಸ್ವಲ್ಪ ನಿಧಾನವಾಗಬಹುದು, ಅವರಿಗೂ ಡಾಕ್ಟರ್ ಕಣ್ಗಾವಲಲ್ಲೇ ಕೊಡಬೇಕು.

ಇದನ್ನು ಆಕ್ಸಿಮೆಟಾಜೊಲಿನ್, ಕ್ಸೈಲೋಮೆಟಾಜೊಲಿನ್ ಇರುವ ಸ್ಪ್ರೇ ಜೊತೆ ದಯವಿಟ್ಟು ಗೊಂದಲ ಮಾಡಿಕೊಳ್ಳಬೇಡಿ. ಅವು ನಿಮಿಷಗಳಲ್ಲಿ ಮೂಗು ತೆರೆಯುತ್ತವೆ, ಅದಕ್ಕೇ ಅಪಾಯ. ಮೂರ್ನಾಲ್ಕು ದಿನ ದಾಟಿ ಎಳೆದರೆ ಬಿಟ್ಟ ಕೂಡಲೇ ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ, ಮತ್ತೆ ಹಾಕಬೇಕು, ಮತ್ತೆ ಕಟ್ಟುತ್ತದೆ, ಮುಗಿಯದ ಕಥೆ.

ಸ್ಪ್ರೇ ಒಂದೇ ಸಾಕಾ ಅಂದರೆ, ನನಗೆ ಪರಾಗ ತೀರಾ ಜಾಸ್ತಿ ಇದ್ದಾಗ ಸಾಲುವುದಿಲ್ಲ. ಆಗ ಸ್ಪ್ರೇಗೆ ಮೊದಲು ಉಪ್ಪುನೀರಲ್ಲಿ ಮೂಗು ತೊಳೆಯುತ್ತೇನೆ. ಡಿಸ್ಟಿಲ್ಡ್ ನೀರು ಅಥವಾ ಕುದಿಸಿ ಆರಿಸಿದ ನೀರು ಮಾತ್ರ, ನಲ್ಲಿ ನೀರನ್ನು ಹಾಗೇ ಬಳಸಬೇಡಿ. ಅದರಲ್ಲಿ ಮಿದುಳಿಗೆ ಹೋಗುವ ಅಮೀಬಾ ಇರುವ ಸಾಧ್ಯತೆ ತುಂಬ ಅಪರೂಪ, ಆದರೆ ಇದ್ದರೆ ಪ್ರಾಣಕ್ಕೇ ಸಂಚಕಾರ. ಹೊರಗಿನಿಂದ ಬಂದ ಮೇಲೆ ತಲೆಸ್ನಾನ, ಬಟ್ಟೆ ಬದಲು. ಕೂದಲಲ್ಲಿ ಕೂತ ಪರಾಗ ದಿಂಬಿಗೆ ಬಂದರೆ ರಾತ್ರಿಯಿಡೀ ಅದೇ ಉಸಿರು, ಅಲ್ವಾ? ಒಗೆದ ಬಟ್ಟೆಯನ್ನೂ ಆ ದಿನಗಳಲ್ಲಿ ಒಳಗೇ ಒಣಗಿಸುವುದು ಒಳ್ಳೆಯದು. ಕಣ್ಣಿನ ತುರಿಕೆಗೆ ಸ್ಪ್ರೇಯಿಂದ ಅಷ್ಟಿಷ್ಟು ಆರಾಮ ಸಿಗುತ್ತದೆ, ಉಳಿದದ್ದಕ್ಕೆ ನಾನು ಕಿಟೋಟಿಫೆನ್ ಹನಿ ಇಟ್ಟುಕೊಂಡಿದ್ದೇನೆ. ಎದೆಯಲ್ಲಿ ಸುಯ್ ಸುಯ್ ಶಬ್ದ ಅಥವಾ ಉಸಿರಿನ ಕಷ್ಟ ಶುರುವಾದರೆ ಮಾತ್ರ ಈ ಬಾಟಲಿಗಳನ್ನೆಲ್ಲ ನಂಬಿ ಕೂರಬೇಡಿ, ಅದು ಆಸ್ತಮಾ ಇರಬಹುದು, ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.