ಹದ್ದಿಗೂ ಹೂವಿಗೂ ಒಂದೇ ಲೆನ್ಸ್: ಚಿಲ್ಟರ್ನ್ಸ್ ಕಾಲುದಾರಿಗಳಲ್ಲಿ ಐದು ವರ್ಷ ತಿರುಗಿದ ಬ್ರಿಜ್ ಕ್ಯಾಮರಾ

ಡಬ್ಬಿ ಬಿಚ್ಚಿದ ವಾರಕ್ಕೇ ಐದು ಸ್ಟಾರ್ ಕೊಟ್ಟ ವಿಮರ್ಶೆಗಳನ್ನು ನಂಬಿ ಹಿಂದೆ ದುಡ್ಡು ಕಳೆದುಕೊಂಡಿದ್ದೇನೆ. ಹಾಗಾಗಿ ಇದನ್ನು ಬರೆಯಲು ಅವಸರ ಮಾಡಲಿಲ್ಲ.

ನಾವಿರುವುದು ಲಂಡನ್ನಿನ ವಾಯವ್ಯಕ್ಕಿರುವ ಚಿಲ್ಟರ್ನ್ಸ್ ಗುಡ್ಡಗಳ ಊರು ಹೈ ವಿಕೊಂನಲ್ಲಿ. ಭಾನುವಾರ ಬುತ್ತಿ ಕಟ್ಟಿಕೊಂಡು ಏಳೆಂಟು ಮೈಲಿ ನಡೆಯುವುದು ರೂಢಿ. 2020ರಲ್ಲಿ 300 ಪೌಂಡ್ ಕೊಟ್ಟು ಈ ಸೆಕೆಂಡ್ ಹ್ಯಾಂಡ್ ಬ್ರಿಜ್ ಕ್ಯಾಮರಾ ತಂದೆ. ಒಂದು ಇಂಚಿನ ಸೆನ್ಸರ್, 25ರಿಂದ 400 ಎಂಎಂ ಝೂಮ್ (ಅಗಲ ನೋಟದಿಂದ ದೂರದ ಹಕ್ಕಿಯವರೆಗೆ), ತೂಕ 800 ಗ್ರಾಂ ಆಸುಪಾಸು. ಲೆನ್ಸ್ ಬಿಚ್ಚಿ ಬೇರೆಯದು ಹಾಕಲು ಬರುವುದಿಲ್ಲ. ನಾನು ಕೊಂಡದ್ದೇ ಅದಕ್ಕಾಗಿ.

ಏಕೆಂದರೆ ಇಲ್ಲಿ ಕೌಸ್ಲಿಪ್ ಹೂವಿನ ಮುಂದೆ ಮಂಡಿಯೂರಿದ ಹೊತ್ತಿಗೇ ನೆತ್ತಿಯ ಮೇಲೆ ಸಿಳ್ಳೆ ಕೇಳುತ್ತದೆ. ಕವಲು ಬಾಲದ ಕೆಂಪು ಹದ್ದು, ರೆಡ್ ಕೈಟ್. ಇಂಗ್ಲೆಂಡಿನಲ್ಲಿ ಅಳಿದೇ ಹೋಗಿದ್ದ ಈ ಹಕ್ಕಿಯ ಮರಿಗಳನ್ನು 1989ರಿಂದ 1994ರವರೆಗೆ ಸ್ಪೇನ್‌ನಿಂದ ತಂದು ಚಿಲ್ಟರ್ನ್ಸ್‌ನಲ್ಲಿ ಬಿಟ್ಟರು. ಈಗ ನಮ್ಮ ಹಿತ್ತಲ ಮೇಲೂ ಸುತ್ತು ಹಾಕುತ್ತವೆ. ಜೊತೆಗೆ ಬರುವ ಗೆಳೆಯ ದೊಡ್ಡ ಕ್ಯಾಮರಾದ ಲೆನ್ಸ್ ಬದಲಿಸುವಷ್ಟರಲ್ಲಿ ಹದ್ದು ಬೀಚ್ ಮರಗಳ ಆಚೆ ಹೋಗಿರುತ್ತದೆ. ನಾನು ರಿಂಗ್ ತಿರುಗಿಸಿದರೆ ಮುಗಿಯಿತು.

ಆದರೂ ಈ ಕ್ಯಾಮರಾ ನನಗೆ ಹತ್ತಿರವಾದದ್ದು ಹದ್ದಿನಿಂದಲ್ಲ, ಬೀ ಆರ್ಕಿಡ್‌ನಿಂದ. ಜೂನ್ ತಿಂಗಳು, ಚಾಕ್ ಎಂಬ ಬಿಳಿ ಸುಣ್ಣಕಲ್ಲಿನ ಇಳಿಜಾರಿನ ಗಿಡ್ಡ ಹುಲ್ಲು, ಗೇಣುದ್ದದ ಗಿಡ. ಗುಲಾಬಿ ಎಸಳುಗಳ ನಡುವೆ ಕಂದು ಮಖಮಲ್ಲಿನ ತುಟಿ, ಥೇಟ್ ಜೇನುಹುಳು ಕೂತ ಹಾಗೆ. ಮೊಬೈಲ್ ಹಿಂದಿನ ಹುಲ್ಲಿಗೇ ಫೋಕಸ್ ಮಾಡುತ್ತಿತ್ತು. ಇದರ ಸ್ಕ್ರೀನ್ ಹೊರಕ್ಕೆ ಮಡಚಿ, ಕ್ಯಾಮರಾ ನೆಲಕ್ಕಿಟ್ಟು ತೆಗೆದೆ. “ರೀ, ಪ್ಯಾಂಟ್ ತೊಳೆಯುವವರು ನೀವೇ, ನೆನಪಿರಲಿ” ಎಂದಳು ನನ್ನವಳು. ಮನೆಗೆ ಬಂದು ಚಿತ್ರ ಹಿಗ್ಗಿಸಿದಾಗ, ಕಣ್ಣಿಗೆ ಕಾಣದೇ ಹೋಗಿದ್ದ ಎರಡು ಹಳದಿ ಉಂಡೆಗಳು ಸಣ್ಣ ದಾರಕ್ಕೆ ಕಟ್ಟಿದಂತೆ ತುಟಿಯ ಮುಂದೆ ಜೋತಾಡುತ್ತಿದ್ದವು. ಪರಾಗದ ಗಂಟುಗಳು. ದಕ್ಷಿಣ ಯುರೋಪಿನಲ್ಲಿ ಹೆಣ್ಣು ಜೇನೆಂದು ಮೋಸಹೋಗುವ ಗಂಡುಗಳು ಈ ಹೂವಿಗೆ ಬರುತ್ತವಂತೆ. ಇಂಗ್ಲೆಂಡಿನಲ್ಲಿ ಹೂವು ಸಾಮಾನ್ಯವಾಗಿ ಆ ದಾರಿ ಕಾಯುವುದಿಲ್ಲ: ದಾರ ಬಾಗಿ, ಗಾಳಿಗೆ ಗಂಟು ತೂಗಿ, ತನ್ನದೇ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ಭಾಗಕ್ಕೆ, ಅಂಟಿಕೊಳ್ಳುತ್ತದೆ. ಅಷ್ಟು ವೇಷ ಹಾಕಿ ಕೊನೆಗೆ ಸ್ವಯಂಪಾಕ!

ಚಿಟ್ಟೆಗೂ ಒಳ್ಳೆಯದೇ. ಪೂರ್ತಿ ಝೂಮ್‌ನಲ್ಲಿ ಒಂದು ಮೀಟರ್ ದೂರದಿಂದ ಫೋಕಸ್ ಸಿಗುವುದರಿಂದ ನಮ್ಮ ನೆರಳು ಬೀಳುವುದಿಲ್ಲ. ಆಗಸ್ಟ್‌ನಲ್ಲಿ ಆಸ್ಟನ್ ರೋವಂಟ್‌ನ ಇಳಿಜಾರಿನಲ್ಲಿ ಚಾಕ್‌ಹಿಲ್ ಬ್ಲೂ ಚಿಟ್ಟೆಯ ಗಂಡುಗಳ ಬೆಳ್ಳಿನೀಲಿ ರೆಕ್ಕೆ ಹೀಗೇ ಸಿಕ್ಕಿತು.

ಸೋತದ್ದು ಬ್ಲೂಬೆಲ್ ಕಾಡಿನಲ್ಲಿ. ಆಶ್ರಿಜ್‌ನ ಡಾಕಿ ವುಡ್‌ನಲ್ಲಿ ಏಪ್ರಿಲ್ ಕೊನೆಗೆ ನೆಲವೆಲ್ಲ ನೀಲಿ, ನನ್ನ ಚಿತ್ರದಲ್ಲೆಲ್ಲ ನೇರಳೆ. ಬಣ್ಣವನ್ನು ತಾನೇ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್‌ನ ಕಿತಾಪತಿ. ಅದನ್ನು ಡೇಲೈಟ್‌ಗೆ ಇಟ್ಟು, ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದಬಹುದಾದ ರಾ ಫೈಲ್ ತೆಗೆದ ಮೇಲೆ ಸುಮಾರಾಗಿ ಸರಿಹೋಯಿತು. ಮರದಡಿಯ ಮಬ್ಬಿನಲ್ಲಿ ಬೆಳಕಿನ ಸೂಕ್ಷ್ಮತೆಯ ಅಳತೆಯಾದ ಐಎಸ್ಒ 1600 ದಾಟಿದರೆ ಮಾತ್ರ ಹೂವೆಲ್ಲ ರವೆ ರವೆ. ಹಾಂ, ಒಳ್ಳೆಯ ಕೋನ ಬೇಕೆಂದು ದಾರಿ ಬಿಟ್ಟು ಒಳನುಗ್ಗಬೇಡಿ. ತುಳಿದ ಬ್ಲೂಬೆಲ್ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ದೊಡ್ಡ ತಲೆನೋವು ಧೂಳು. ಝೂಮ್ ಹಿಂದೆ ಮುಂದೆ ಆಡುವಾಗ ಗಾಳಿಯ ಜೊತೆ ಅದೂ ಒಳಗೆ ಹೋಗುತ್ತದೆ. ಮೂರನೇ ವರ್ಷ ಪ್ರತಿ ಹದ್ದಿನ ಪಕ್ಕದಲ್ಲೂ ಒಂದು ಕಪ್ಪು ಚುಕ್ಕೆ. ರಿಪೇರಿಯವನು ಹೇಳಿದ ಬೆಲೆಗೆ ಇಂಥದ್ದೇ ಇನ್ನೊಂದು ಬರುತ್ತಿತ್ತು. ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಅಗಲವಾಗಿ ತೆರೆದಿರುವ ಎಫ್/4ರಲ್ಲಿ ಚುಕ್ಕೆ ಕಾಣದಷ್ಟು ಮಸುಕಾಗುವುದರಿಂದ ಈಗ ಆಕಾಶಕ್ಕೆ ಅಷ್ಟೇ ಇಡುತ್ತೇನೆ. ಮಳೆಗೆ ಹೋಟೆಲಿನಿಂದ ತಂದ ಶವರ್ ಕ್ಯಾಪ್. ಚಳಿಗಾಲಕ್ಕೆ ಎರಡನೇ ಬ್ಯಾಟರಿ, ಒಳಜೇಬಿನಲ್ಲಿ.

ಹೈಡ್‌ನಲ್ಲಿ, ಅಂದರೆ ಹಕ್ಕಿ ನೋಡುವ ಮರೆಗುಡಿಸಲಿನಲ್ಲಿ, ಗಂಟೆಗಟ್ಟಲೆ ಕೂತು ಮಿಂಚುಳ್ಳಿಗೆ ಕಾಯುವವರಿಗೆ ಇದು ಸಾಲದು. ನಡೆಯುವವರು ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳವಾಗಿ ಕೊಳ್ಳಬಹುದು. ದುಡ್ಡು ಕೊಡುವ ಮೊದಲು ಅಪರ್ಚರ್ ಆದಷ್ಟೂ ಕಿರಿದು ಮಾಡಿ, ಅಲ್ಲೇ ಬಿಳಿ ಗೋಡೆಯ ಒಂದು ಫೋಟೋ ತೆಗೆದು ಹಿಗ್ಗಿಸಿ, ಧೂಳಿನ ಚುಕ್ಕೆ ಇದೆಯೇ ನೋಡಿ.