‘ಮನುಷ್ಯರೇ ಬರೆದಂತೆ ಮಾಡಿಕೊಡುತ್ತೇವೆ’ ಎನ್ನುವವರ ಕೈಗೆ ಸ್ಮರಣ ಸಂಚಿಕೆ ಒಪ್ಪಿಸುವ ಮೊದಲು

ಶಾಲೆಯ ಶತಮಾನೋತ್ಸವಕ್ಕೋ ಶಿಕ್ಷಕರ ಅಭಿನಂದನೆಗೋ ಸಂಚಿಕೆ ತರಲು ಹೊರಟಿರುವ ಸಮಿತಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಲೇಖನಗಳನ್ನು ‘ಸಹಜವಾಗಿ, ಆಪ್ತವಾಗಿ’ ಮಾಡಿಕೊಡುವ ಸೇವೆಗಳು ಈಗ ಬೇಕಾದಷ್ಟಿವೆ. ಅಂಥದೊಂದಕ್ಕೆ ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಹಣ ಕಟ್ಟಿತು. ತೀರಿಕೊಂಡವರ ಬಗ್ಗೆ ಸುಳ್ಳು ಅಚ್ಚಾಗಿ ಹೋಯಿತು. ಸೇವೆಯ ಹೆಸರು ಹೇಳುವುದಿಲ್ಲ. ಒಂದು ಹೆಸರು ಕೆಟ್ಟರೆ ಇನ್ನೊಂದು ಹೆಸರಿನಲ್ಲಿ ಬಾಗಿಲು ತೆರೆಯಬಲ್ಲ ವ್ಯಾಪಾರ ಅದು.

ಶಾಲೆ ಉತ್ತರ ಕನ್ನಡದ್ದು. ಲೇಖನ ಕೊಡಬೇಕಾದವರು ಬೆಂಗಳೂರು, ಮುಂಬೈ, ದುಬೈಗಳಲ್ಲಿ ಹಂಚಿಹೋಗಿದ್ದರು. ಹಲವರು ನಾಲ್ಕಾರು ಸಂಗತಿ ಹೇಳಿ ಚಾಟ್‌ಜಿಪಿಟಿಯಿಂದ ಲೇಖನ ಮಾಡಿಸಿ ಕಳುಹಿಸಿದರು. ಅದನ್ನು ನಾನು ದೂರುವುದಿಲ್ಲ. ಕನ್ನಡದಲ್ಲಿ ಟೈಪು ಮಾಡಿ ಅಭ್ಯಾಸವೇ ಇಲ್ಲದವರು ಅಷ್ಟಾದರೂ ಮಾಡಿದರಲ್ಲ. ಆದರೆ ಪ್ರತಿ ಲೇಖನದಲ್ಲೂ ‘ಜ್ಞಾನದ ದೀವಿಗೆ’ ಉರಿಯುತ್ತಿತ್ತು, ಪ್ರತಿಯೊಬ್ಬರದೂ ‘ಅವಿಸ್ಮರಣೀಯ ಪಯಣ’ವಾಗಿತ್ತು. ಸಮಿತಿಯ ಒಬ್ಬರು ಅವನ್ನೆಲ್ಲ, ಯಂತ್ರ ಬರೆದದ್ದನ್ನು ಪತ್ತೆ ಮಾಡುವ ಯಾವುದೋ ತಂತ್ರಾಂಶಕ್ಕೆ ಹಾಕಿ, ಕೆಂಪು ಬಣ್ಣದ ಫಲಿತಾಂಶ ನೋಡಿ ಹೆದರಿದರು. ಆ ಹೆದರಿಕೆಯಲ್ಲೇ ಈ ಸೇವೆಯನ್ನು ಹುಡುಕಿದ್ದು. ನನ್ನ ಪಾಲಿಗೆ ಬಂದದ್ದು ಕರಡು ತಿದ್ದುವ ಕೆಲಸ.

ತಿರುಗಿ ಬಂದ ಲೇಖನಗಳಲ್ಲಿ ದೀವಿಗೆ ಆರಿತ್ತು, ನಿಜ. ಅದರ ಬದಲು ಮಳೆ ಸುರಿಯುತ್ತಿತ್ತು. ಎಲ್ಲರೂ ಹರಿದ ಕೊಡೆ ಹಿಡಿದು ಶಾಲೆಗೆ ಓಡುತ್ತಿದ್ದರು. ಎಲ್ಲರ ಅಜ್ಜಿಯೂ ಒಲೆಯ ಮುಂದೆ ಕುಳಿತು ರೊಟ್ಟಿ ಸುಡುತ್ತಿದ್ದಳು. ಬೆಳಗಿನ ದೋಸೆ, ರಾತ್ರಿಯ ಗಂಜಿ ಬಿಟ್ಟು ರೊಟ್ಟಿಯ ಮಾತೇ ಎತ್ತದ ಕರಾವಳಿಯ ಮನೆಗಳಲ್ಲಿ ಕೂಡ. ಬರೆದವರೊಬ್ಬರಿಗೆ ಕರೆ ಮಾಡಿ ಕೇಳಿದರೆ, ‘ನಾನು ಹುಟ್ಟುವ ಮೊದಲೇ ಅಜ್ಜಿ ಇರಲಿಲ್ಲವಲ್ಲ’ ಎಂದರು. ಆಪ್ತವಾಗಿ ಬರೆ ಎಂದು ಯಂತ್ರಕ್ಕೆ ಹೇಳಿದರೆ ಅದು ತಾನೇ ಏನು ಮಾಡೀತು? ಆ ಬಾಲ್ಯದ ವಿವರ ಅದರ ಬಳಿ ಇಲ್ಲ. ಹಾಗಾಗಿ ಬಾಲ್ಯ ಎಂದ ಕೂಡಲೇ ಬಹಳ ಜನ ಬರೆದಿಟ್ಟಿರುವುದನ್ನೇ ಇವರ ಬಾಯಲ್ಲೂ ಹೇಳಿಸುತ್ತದೆ.

ಇಷ್ಟು ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಮೊದಲ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಮೊದಲ ಕಂತು, ಅಚ್ಚಾಗಿತ್ತು. ಅವಸರ ಮಾಡಿದ ಸಮಿತಿ ಆ ಪುಟಗಳನ್ನು ನನಗೆ ತೋರಿಸದೆ ಮುದ್ರಣಾಲಯಕ್ಕೆ ಕಳುಹಿಸಿ, ಅದರ ಫೋಟೊಗಳನ್ನು ವಾಟ್ಸ್‌ಆ್ಯಪ್ ಗುಂಪಿಗೂ ಹಾಕಿತ್ತು. ದಿವಂಗತ ಮಾಸ್ತರರೊಬ್ಬರ ಬಗೆಗಿನ ಲೇಖನದಲ್ಲಿ, ಮಳೆಗಾಲದಲ್ಲಿ ಅವರ ಹೆಂಡತಿ ಮಕ್ಕಳನ್ನು ಮನೆಗೆ ಕರೆದು ಬಿಸಿ ಗಂಜಿ ಬಡಿಸುತ್ತಿದ್ದ ದೃಶ್ಯವಿತ್ತು. ಮಾಸ್ತರರ ಮಗಳು ಫೋನ್ ಮಾಡಿದರು. ‘ನಾನು ಕೈಗೂಸಾಗಿದ್ದಾಗಲೇ ಆಯಿ ಹೋದರು. ಅಪ್ಪ ಒಬ್ಬರೇ ನನ್ನನ್ನು ಸಾಕಿದರು, ಶಾಲೆಗೆ ಎತ್ತಿಕೊಂಡು ಹೋಗುತ್ತಿದ್ದರು. ಗಂಜಿ ಬಡಿಸಿದವರು ಯಾರು, ಹೇಳಿ’ ಎಂದರು. ಮಗುವನ್ನು ತರಗತಿಯ ಮೂಲೆಯಲ್ಲಿ ಮಲಗಿಸಿ ಪಾಠ ಮಾಡಿದ ಮನುಷ್ಯನ ಬಗ್ಗೆ ಆ ಸಂಗತಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ನಾವು ಅಚ್ಚು ಹಾಕಿಸಿದ್ದೆವು.

ಮಿಕ್ಕ ಲೇಖನಗಳನ್ನು ಮೂಲದ ಪಕ್ಕದಲ್ಲಿಟ್ಟು ಓದಿದಾಗ ಇನ್ನೊಂದು ತಿಳಿಯಿತು. ಕನ್ನಡವನ್ನು ಇಂಗ್ಲಿಷಿಗೆ ಒಯ್ದು, ಅಲ್ಲಿ ತಿರುಚಿ, ಮತ್ತೆ ಕನ್ನಡಕ್ಕೆ ತಂದ ಗುರುತುಗಳು ಎಲ್ಲೆಡೆ ಇದ್ದವು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ಗಣಿತದ ಅಕ್ಕೋರು ಒಂದು ಲೇಖನದಲ್ಲಿ ಬರೆದವನ ಸ್ವಂತ ಅಕ್ಕನಾಗಿಬಿಟ್ಟಿದ್ದರು. ಮುಖ್ಯೋಪಾಧ್ಯಾಯರು ಒಂದು ಪ್ಯಾರಾದಲ್ಲಿ ‘ಅವರು’, ಮುಂದಿನದರಲ್ಲಿ ‘ಅವನು’. ಈ ಚಾಳಿ ಹೊಸದಲ್ಲ. ಕೃತಿಚೌರ್ಯ ಮುಚ್ಚಲು ಪದ ಬದಲಿಸುವ ತಂತ್ರಾಂಶ ಬಳಸಿದ ಸಂಶೋಧನ ಪ್ರಬಂಧಗಳಲ್ಲಿ ಸ್ತನ ಕ್ಯಾನ್ಸರ್ ‘ಎದೆಯ ಅಪಾಯ’ ಎಂಬರ್ಥದ ಇಂಗ್ಲಿಷ್ ಪದಗಳಾಗಿ ಮಾರ್ಪಟ್ಟಿತ್ತು. ಫ್ರಾನ್ಸಿನ ಸಂಶೋಧಕ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಿಂದ ಇಂಥ ನುಡಿಗಟ್ಟುಗಳನ್ನು ಬೆನ್ನಟ್ಟಿ, ಅವುಗಳ ಸುಳಿವಿನಿಂದಲೇ ಅಂಥ ಪ್ರಬಂಧಗಳನ್ನು ಹಿಡಿದಿದ್ದಾರೆ.

ಪುಟವಿನ್ಯಾಸ ಮಾಡುವವರ ಗೋಳು ಬೇರೆ. ಪತ್ತೆ ತಂತ್ರಾಂಶವನ್ನು ಮೋಸಗೊಳಿಸಲು ಕೆಲವು ಸಾಧನಗಳು ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಚಿಹ್ನೆಗಳನ್ನು ತುರುಕುತ್ತವೆ. ಇಂಗ್ಲಿಷಿನಲ್ಲಿ ಅದು ಓದುಗನಿಗೆ ಗೊತ್ತೇ ಆಗುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರವೇ ಒಡೆಯುತ್ತದೆ: ‘ಅಮ್ಮ’ ಹೋಗಿ ‘ಅಮ್‌ಮ’ ಆಗುತ್ತದೆ. ನಮ್ಮ ಕಡತಗಳಲ್ಲೂ ಹಾಗೆಯೇ ಆಗಿತ್ತು. ಮುದ್ರಣಾಲಯದವರು ಯುನಿಕೋಡ್‌ನಿಂದ ‘ನುಡಿ’ ತಂತ್ರಾಂಶದ ಅಕ್ಷರಗಳಿಗೆ ಪರಿವರ್ತಿಸಿದಾಗ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಹೆಸರುಗಳನ್ನು ಹುಡುಕಿದರೆ ಸಿಗುತ್ತಿರಲಿಲ್ಲ, ಕಣ್ಣೆದುರೇ ಇದ್ದರೂ.

ಇಷ್ಟೆಲ್ಲ ಆದದ್ದು ಆ ಕೆಂಪು ಫಲಿತಾಂಶದ ಭಯದಿಂದ. ಅದನ್ನು ಎಷ್ಟು ನಂಬಬಹುದು? ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥ ಪತ್ತೆ ಸಾಧನ ತಂದಿತ್ತು. ಕಂಪನಿಯ ಪರೀಕ್ಷೆಯಲ್ಲಿ ಅದು ಯಂತ್ರ ಬರೆದುದರಲ್ಲಿ ಶೇ. 26ನ್ನು ಮಾತ್ರ ‘ಬಹುಶಃ ಯಂತ್ರದ್ದು’ ಎಂದು ಹಿಡಿದಿತ್ತು, ಮನುಷ್ಯರು ಬರೆದುದರಲ್ಲಿ ಶೇ. 9ರ ಮೇಲೂ ಅದೇ ಗೂಬೆ ಕೂರಿಸಿತ್ತು. ಇಂಗ್ಲಿಷಿಗಷ್ಟೇ ಬಳಸಿ ಎಂದು ಕಂಪನಿಯೇ ಹೇಳಿತ್ತು. ನಿಖರತೆ ಸಾಲದೆಂದು ಅದೇ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆಗೆ ಬರೆದ ಪ್ರಬಂಧಗಳನ್ನು 7 ಪತ್ತೆ ಸಾಧನಗಳಿಗೆ ಒಡ್ಡಿದರು. ಸರಾಸರಿ ಶೇ. 61ರಷ್ಟು ಪ್ರಬಂಧಗಳು ಯಂತ್ರದವೆಂದು ತೀರ್ಪು ಬಂತು. ಇಂಗ್ಲಿಷಿನ ಗತಿಯೇ ಹೀಗಿರುವಾಗ ಕನ್ನಡ ಲೇಖನದ ಮೇಲೆ ಅವು ಕೊಡುವ ಅಂಕಿಗೆ ಸಮಿತಿ ಸಭೆ ಕರೆಯಬೇಕಾಗಿರಲಿಲ್ಲ.

ಹಣದ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ. ‘ಒಮ್ಮೆ ಪಾವತಿ’ ಎಂದು ನಂಬಿದ್ದು ತಿಂಗಳ ಚಂದಾ ಆಗಿತ್ತು, ಖಜಾಂಚಿಯ ಯುಪಿಐಯಲ್ಲಿ ಆಟೋಪೇ ಕುಳಿತಿತ್ತು. ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕೆಂಬ ನಿಯಮವಿದೆ. ಆ ಸಂದೇಶವನ್ನು ಜಾಹೀರಾತೆಂದು ಅಳಿಸಬೇಡಿ. ಯುಪಿಐ ಆ್ಯಪ್‌ನ ಆಟೋಪೇ ವಿಭಾಗಕ್ಕೆ ಹೋಗಿ ನೀವೇ ಅದನ್ನು ರದ್ದು ಮಾಡಬಹುದು, ಸೇವೆಯವರ ಅಪ್ಪಣೆ ಬೇಡ. ಹಣ ಮರಳಿಸಿ ಎಂದದ್ದಕ್ಕೆ ‘ಪದಗಳು ಬಳಕೆಯಾಗಿವೆ’ ಎಂಬ ಉತ್ತರ ಬಂದಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ.

ಆ ಫಾರಂ ರದ್ದಿಗೆ ಹೋಯಿತು. ಬರೆದವರಿಗೆ ಒಬ್ಬೊಬ್ಬರಿಗೇ ಕರೆ ಮಾಡಿ, ಅವರು ಹೇಳಿದ್ದನ್ನು ಧ್ವನಿಮುದ್ರಿಸಿ ಅಕ್ಷರಕ್ಕಿಳಿಸಿದೆವು. ‘ಮಾಸ್ತರರು ಹೇಗಿದ್ದರು’ ಎಂದು ಕೇಳಿದರೆ ಮತ್ತೆ ದೀವಿಗೆಯೇ ಬರುತ್ತದೆ. ‘ಯಾವ ತಪ್ಪಿಗೆ ಹೊಡೆದರು, ಸೈಕಲ್ ಯಾವ ಬಣ್ಣದ್ದು, ಅವರು ಯಾರ ಮನೆಯ ಊಟಕ್ಕೆ ಹೋಗುತ್ತಿರಲಿಲ್ಲ’ ಎಂದು ಕೇಳಬೇಕು. ಆಮೇಲೆ ಚಾಟ್‌ಜಿಪಿಟಿಯನ್ನು ನಾವೂ ಬಳಸಿದೆವು, ಕಾಗುಣಿತ ತಿದ್ದಲು. ಹೊಸ ಸಂಗತಿ ಸೇರಿಸಬೇಡ, ಮಾತಿನ ಧಾಟಿ ಬದಲಿಸಬೇಡ, ಎಲ್ಲಿ ವಿವರ ಸಾಲದೋ ಅಲ್ಲಿ ಪ್ರಶ್ನೆ ಕೇಳು ಎಂದು ಹೇಳಿದರೆ ಬಹುಮಟ್ಟಿಗೆ ಕೇಳುತ್ತದೆ. ಆದರೂ ಮೂಲದ ಜೊತೆ ಸಾಲುಸಾಲಾಗಿ ಹೋಲಿಸದೆ ಬಿಡಬೇಡಿ.

ಇಷ್ಟಾಗಿಯೂ ಇಂಥ ಸೇವೆಗೇ ಕೊಡುತ್ತೇವೆ ಎನ್ನುವವರು, ಹಣ ಕಟ್ಟುವ ಮೊದಲು ಒಂದೇ ಪ್ಯಾರಾ ಕಳುಹಿಸಿ ನೋಡಿ. ಅದರಲ್ಲಿ ಒಂದು ಇಸವಿ, ಒಬ್ಬ ಸೋದರತ್ತೆ, ಬಹುವಚನದಲ್ಲಿ ಕರೆಯುವ ಒಬ್ಬ ಹಿರಿಯರು ಇರಲಿ. ತಿರುಗಿ ಬಂದ ಪ್ಯಾರಾದಲ್ಲಿ ಮಳೆ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.