ಯಲಬುರ್ಗಾದ ಕುಲುಮೆಯಲ್ಲಿ ಮಾಡಿಸಿದ ಕುರ್ಚಿಗಿ

ಹೊಲದಲ್ಲಿ ಕೂತು ಕಳೆ ತೆಗೆಯೋಕೆ ಕುರ್ಚಿಗಿ, ಅಂದರೆ ಬಾಗಿದ ಅಲಗಿನ ಸಣ್ಣ ಕೈ ಹತಾರ, ಬೇಕಿದ್ದರೆ ಅಂಗಡಿಯಲ್ಲಿ ನೇತು ಹಾಕಿರೋ ರೆಡಿಮೇಡ್ ಮಾಲು ತಗೋಬೇಡಿ. ಕೊಪ್ಪಳ ಜಿಲ್ಲೆಯ ಯಲಬುರ್ಗಾದ ಈ ಸಣ್ಣ ಕುಲುಮೆಗೆ ಹೋಗಿ. ಬೋರ್ಡ್ ಇಲ್ಲ, ಮೇಲೆ ತಗಡು, ಒಳಗೆ ಒಬ್ಬ ಅಜ್ಜ, ಅವರ ಮಗ, ಅಷ್ಟೇ.

ಹೋದ ಮುಂಗಾರಿಗೆ ನಾನು ಪೇಟೆಯಿಂದ ಎರಡು ತಂದಿದ್ದೆ. ಹೊಳೆಯುತ್ತಿದ್ದವು. ಸಜ್ಜೆ ಹೊಲದಲ್ಲಿ ಕರಿಕೆ ಹುಲ್ಲಿನ ಬೇರಿಗೆ ಹಾಕಿ ಎಳೆದ ಕೂಡಲೇ ಒಂದರ ತುದಿ ಮಡಚಿತು, ಇನ್ನೊಂದರ ಹಿಡಿ ವಾರದಲ್ಲೇ ಸಡಿಲಾಯಿತು. ಅವ್ವ ಏನೂ ಅನ್ನಲಿಲ್ಲ. ತನ್ನ ಹಳೇದನ್ನೇ ಹುಡುಕಿ ತಂದು ಸಾಲಿಗೆ ಕೂತಳು.

ಆ ಹಳೇದು ಸವೆದು ಅರ್ಧ ಆಗಿದೆ. ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗ ಗುಳಿ ಬಿದ್ದಿದೆ. ನಾವು ಸಣ್ಣವರಿದ್ದಾಗ ಮನೆಗೆ ಇದ್ದದ್ದು ನಾಲ್ಕು ಎಕರೆ, ಎರಡು ಮಸಾರಿ ಅಂದರೆ ಕೆಂಪು ಮಣ್ಣು, ಎರಡು ಎರಿ ಅಂದರೆ ಕಪ್ಪು ಮಣ್ಣು. ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ಕಡೆ ಭತ್ತ ಬೆಳೆಸಿತು, ನಮಗೆ ಮಳೆಯೇ ಗತಿ. ಮುಂಗಾರಿಗೆ ಸಜ್ಜೆ, ಹಿಂಗಾರಿಗೆ ಬಿಳಿಜೋಳ, ಕಡಲೆ. ಅಪ್ಪ ಎಡೆಕುಂಟೆ ಹೊಡೆದರೆ ಸಾಲಿನ ನಡುವಿನ ಕಸ ಹೋಗುತ್ತದೆ, ಪೈರಿನ ಬುಡದ್ದು ಹೋಗಲ್ಲ ಅಲ್ವಾ? ಅದು ಅವ್ವನ ಪಾಲು. ನಮ್ಮದು ಮುಗಿದರೆ ಕೂಲಿಗೆ ಬೇರೆಯವರ ಹೊಲ, ದಿನವಿಡೀ ಕುಕ್ಕರಗಾಲಲ್ಲಿ. ಶಾಲೆಗೆ ಹೊರಟಾಗ ಅದೇ ಕೈಯಿಂದ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಅಂಗೈ ಜಡ್ಡಿಗೆ ಕೂದಲು ಸಿಕ್ಕಿಕೊಂಡು ಚುರ್ ಅನ್ನುತ್ತಿತ್ತು.

ಈ ಸಲ ಆ ಹಳೇ ಕುರ್ಚಿಗಿ ಹಿಡಿದು ಕುಲುಮೆಗೆ ಹೋದೆ. ಅಜ್ಜ ತಿರುಗಿಸಿ ನೋಡಿ, "ಇದನ್ನ ಹಿಡಿಯಾಕಿನ್ನ ಕರ್ಕೊಂಡ್ ಬಾ ತಮ್ಮಾ" ಅಂದರು. ಮರುದಿನ ಅವ್ವನನ್ನು ಕರೆದುಕೊಂಡು ಹೋದೆ. "ಹೆಂಗ್ ಎಳಿತೀ, ತೋರ್ಸವ್ವಾ" ಅಂತ ನೆಲದ ಮೇಲೇ ಕೂರಿಸಿ ನೋಡಿದರು. ಆಮೇಲೆ ಲಾರಿಯ ಹಳೆ ಕಮಾನು ಪಟ್ಟಿಯ ತುಂಡನ್ನು ಕೆಂಪಗೆ ಕಾಯಿಸಿ, ಬಡಿದು ಬಾಗಿಸಿ, ಅಲಗಿಗೆ ಮಾತ್ರ ನೀರು ಕುಡಿಸಿದರು, ಅಂದರೆ ಕೆಂಪಗಿದ್ದಾಗಲೇ ಅದಷ್ಟನ್ನೇ ನೀರಿಗೆ ಅದ್ದಿದರು. ಪೂರ್ತಿ ಮುಳುಗಿಸಿದರೆ ಕಲ್ಲಿಗೆ ತಾಗಿದಾಗ ಚಕ್ಕಂತ ಮುರಿಯುತ್ತದಂತೆ, ನೀರೇ ಕುಡಿಸದಿದ್ದರೆ ನನ್ನ ಪೇಟೆ ಮಾಲಿನ ಹಾಗೆ ಮಡಚುತ್ತದೆ. ಹಿಡಿ ಜಾಲಿ ಕಟ್ಟಿಗೆಯದು.

220 ರೂಪಾಯಿ ತಗೊಂಡರು. ಅಪ್ಪನ ಕಾಲದಲ್ಲಿ ಕಮ್ಮಾರರಿಗೆ ದುಡ್ಡು ಕೊಡುತ್ತಿರಲಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ, ಅಂದರೆ ಕೆಲಸಕ್ಕೆ ಬದಲಾಗಿ ಕಾಳಿನ ಪಾಲು, ಒಯ್ಯುತ್ತಿದ್ದರು. ಬರದ ವರ್ಷ ಅವರಿಗೂ ಅಷ್ಟಕ್ಕಷ್ಟೆ.

ಒಂದೇ ತೊಂದರೆ ಅಂದರೆ ತಡ. ಹಿಡಿ ಹಾಕಿ ಎರಡು ದಿನಕ್ಕೆ ಕೊಡುತ್ತೇನೆ ಅಂದವರು ಐದು ದಿನ ಮಾಡಿದರು. ಮುಂಗಾರು ಹತ್ತಿರ ಬಂದಾಗ ಕುಂಟೆ, ಕೂರಿಗೆ ಕೆಲಸ ಜಾಸ್ತಿ, ಹಾಗಾಗಿ ಬೇಸಿಗೆಯಲ್ಲೇ ಹೋಗಿ. ಹೊಲದಲ್ಲಿ ಕೂತು ಕೆಲಸ ಮಾಡುವವರನ್ನೇ ಕರೆದುಕೊಂಡು ಹೋಗಿ, ಸುಮ್ನೆ ಅಳತೆ ಹೇಳಿ ಬರಬೇಡಿ.

ಅವ್ವ ಹೊಸದರಲ್ಲಿ ನಾಲ್ಕು ಸಾಲು ಮುಗಿಸಿ, ಮಣಿಕಟ್ಟು ತಿರುವಿ ನೋಡಿಕೊಂಡು, "ನೋವಿಲ್ಲ" ಅಂದಳು. ಅತ್ತಿಗೆ ಎಡಗೈಯವರು, ಇಷ್ಟು ವರ್ಷ ಬಲಗೈಯವರ ಕುರ್ಚಿಗಿಯಲ್ಲೇ ದುಡಿದಿದ್ದಾರೆ. ಬಾಗು ಅತ್ತ ಕಡೆ ಇಟ್ಟು ಅವರಿಗೂ ಒಂದು ಮಾಡಲು ಹೇಳಿ ಬಂದಿದ್ದೇನೆ.